ಬಾವಿಕಟ್ಟೆಯಿಂದ ಇಳಿದ ಹುಡುಗಿ

ಊರವರ ಆಡಿಕೆ ತಾಳದೆ ಚಿತ್ರದ ಹುಡುಗಿ ಹಾರಲೆಂದು ಬಾವಿಕಟ್ಟೆ ಹತ್ತಿ ನಿಂತಿದ್ದಳು. ಅಷ್ಟರಲ್ಲಿ ಪರದೆ ಕಪ್ಪಾಗಿ ದೀಪಗಳು ಹೊತ್ತಿದವು. ಎಪ್ಪತ್ತರ ದಶಕದ ಹಾನಗಲ್ಲಿನ ಥೇಟರು. ಮ್ಯಾಟ್ನಿಗೆ ಬಂದವರು ನಾವು ಏಳೇ ಜನ.

“ಮಂದಿ ಇಲ್ರಿ ಅವ್ವಾರ, ಆಟ ಬಂದ್. ಶುಕ್ರವಾರದಿಂದ ಫೈಟಿಂಗ್ ಪಿಕ್ಚರ್ ಹಚ್ತೇವಿ, ಆವಾಗ ಬರ್ರಿ,” ಎಂದ ಮ್ಯಾನೇಜರ್.

ನಮ್ಮ ಅತ್ತೆ ಜೀವಮಾನದಲ್ಲಿ ನೋಡುತ್ತಿದ್ದ ಮೊದಲ ಸಿನಿಮಾ ಅದು. ಕೂತಲ್ಲಿಂದ ಅಲುಗಲಿಲ್ಲ. “ಪುರಾಣ ಅರ್ಧಕ್ಕ ನಿಲ್ಲಿಸಬಾರದೋ ತಮ್ಮಾ. ಮದಲ ಆ ಹುಡುಗೀನ ಕೆಳಗ ಇಳಸು, ಆಮ್ಯಾಲ ನಾವು ಮನೀಗೆ ಹೋಗ್ತೇವಿ!”

ಮ್ಯಾನೇಜರ್ ನಗುತ್ತ ಮತ್ತೆ ರೀಲು ಓಡಿಸಿದ. ಹುಡುಗಿ ಇಳಿದಳು, ಇಳಿದು, ಆಡಿಕೊಂಡ ಊರವರ ಎದುರೇ ತಲೆ ಎತ್ತಿ ನಡೆದಳು. ಅತ್ತೆ ಪರದೆಗೆ ಕೈ ಮುಗಿದರು.

ಅಂದು ಸಂಜೆ ಮಠದಲ್ಲಿ ಓಣಿಯ ಹೆಂಗಸರಿಗೆ ಅದೇ ಕಥೆ ಹೇಳಿದರು. ಬಾವಿಕಟ್ಟೆಯವರೆಗೆ ಬಂದು ಕಥೆ ನಿಲ್ಲಿಸಿಬಿಟ್ಟರು.

“ಮುಂದೇನಾತ್ರಿ ಅಕ್ಕಾರ?”

“ಮುಂದಿಂದು ಥೇಟರಿಗೆ ಹೋಗೇ ನೋಡ್ರವಾ.”

ಮರುದಿನ ಮ್ಯಾಟ್ನಿಗೆ ಹೆಂಗಸರ ಕಡೆ ಕಾಲಿಡಲು ಜಾಗವಿರಲಿಲ್ಲ. ಫೈಟಿಂಗ್ ಪಿಕ್ಚರ್ ಎರಡು ವಾರ ಡಬ್ಬಿಯಲ್ಲೇ ಕಾಯಿತು!

ಆ ಚಿತ್ರದ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ, ನನಗೂ ಮರೆತಿದೆ. ಆದರೆ ಸಂಜೆ ದೀಪ ಹಚ್ಚಿ ದೇವರ ಉಪಕಾರಗಳನ್ನು ನೆನೆಯುವಾಗ, ಆ ಹುಡುಗಿ ಕೆಳಗೆ ಇಳಿದದ್ದನ್ನೂ ತಪ್ಪದೆ ನೆನೆಯುತ್ತೇನೆ.