ಎರಡು ಬೋರ್ಡು, ಒಂದು ಕುರ್ಚಿ

ನಾನು ಟೆಲಿಫೋನ್ ಆಪರೇಟರ್ ಆಗಿ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಆಗಷ್ಟೇ ಮದುವೆಯಾಗಿ ಒಂದು ವರ್ಷವಾಗಿತ್ತು. ಆಫೀಸು ಗೋಕುಲ ರಸ್ತೆಯಲ್ಲಿ, ನೀರಿನ ಪೈಪುಗಳಿಗೆ ಹಾಕುವ ವಾಲ್ವ್ ತಯಾರಿಸುವ ಕಂಪನಿಯದು. ಮಾಲು ತಯಾರಾಗುತ್ತಿದ್ದದ್ದು ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರಖಾನೆಯಲ್ಲಿ. ಮಾರಾಟದವರು, ಖರೀದಿಯವರು, ಮಾಲೀಕರು ಕೂಡುತ್ತಿದ್ದದ್ದು ಹುಬ್ಬಳ್ಳಿಯಲ್ಲಿ. ಎರಡರ ನಡುವೆ ಒಂದು ನೇರ ಲೈನು ಇತ್ತು. ಈ ತುದಿಗೆ ಕರೆ ದಾಟಿಸುವ ನನ್ನ ಬೋರ್ಡು, ಆ ತುದಿಗೆ ಇನ್ನೊಂದು.

ಆ ತುದಿಯಲ್ಲಿ ಕೂಡುತ್ತಿದ್ದ ಆಪರೇಟರ್ ಮೊದಲ ದಿನವೇ ನನ್ನನ್ನು ‘ಅಕ್ಕಾರ’ ಎಂದರು. ನಾನು ‘ಅಣ್ಣಾರ’ ಎಂದೆ. ಇಬ್ಬರಲ್ಲಿ ಯಾರು ಹಿರಿಯರೆಂದು ವಿಚಾರಿಸುವ ಗೋಜಿಗೆ ಇಬ್ಬರೂ ಹೋಗಲಿಲ್ಲ. ದಿನಕ್ಕೆ ನಲವತ್ತೈವತ್ತು ಸಲ ಮಾತಾಗುತ್ತಿತ್ತು, ಎಲ್ಲವೂ ಎರಡು ಮೂರು ಶಬ್ದದ ಮಾತು. ಸಾಂಗ್ಲಿಯವರು ಲೈನಿನ ಮೇಲಿದ್ದಾರೆ, ಮ್ಯಾನೇಜರು ಊಟಕ್ಕೆ ಹೋಗಿದ್ದಾರೆ, ಗದಗಿನವರಿಗೆ ಹತ್ತು ನಿಮಿಷ ಬಿಟ್ಟು ಮಾಡಲು ಹೇಳಿರಿ, ಇಂಥವು. ಸಂಜೆ ಐದರ ನಂತರ ಕರೆಗಳು ಕಡಿಮೆಯಾದಾಗ ಅವರು ಒಂದು ನಿಮಿಷ ಹೆಚ್ಚು ನಿಲ್ಲುತ್ತಿದ್ದರು. ಮಳೆ ಬಂತೇ, ಬಸ್ಸು ಸಿಗುತ್ತದೆಯೇ ಎಂದು ಕೇಳುತ್ತಿದ್ದರು.

ಆರು ತಿಂಗಳಾದ ಮೇಲೆ ಆಯುಧಪೂಜೆಗೆಂದು ಆಫೀಸಿನವರನ್ನೆಲ್ಲ ಬೇಲೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಆಪರೇಟರ ಕೋಣೆಯ ಬಾಗಿಲಲ್ಲಿ ನಿಂತು ನಾನು ಸುಮ್ಮನೆ ನಕ್ಕೆ. ಅವರು ನಗಲಿಲ್ಲ. ನನ್ನ ಕಡೆಗೇ ಮುಖವಿದ್ದರೂ ಯಾರೋ ಹೊರಗಿನವರು ನಿಂತಂತೆ ಕಾಯುತ್ತಿದ್ದರು. ನಾನು ಮಾತಾಡಿದ ಕೂಡಲೇ ಕುರ್ಚಿಯಿಂದ ಎದ್ದು ನಿಂತು ಕೈಮುಗಿದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹುಟ್ಟಿನಿಂದಲೇ. ನನ್ನ ಬೋರ್ಡಿನಲ್ಲಿ ದೀಪ ಹತ್ತುತ್ತಿದ್ದ ಜಾಗದಲ್ಲಿ ಅವರ ಬೋರ್ಡಿನಲ್ಲಿ ಬೆರಳಿಗೆ ತಾಗುವ ಸಣ್ಣ ಕಡ್ಡಿ ಮೇಲೇಳುತ್ತಿತ್ತು. ಆರು ತಿಂಗಳಲ್ಲಿ ಈ ಸಂಗತಿಯನ್ನು ಯಾರೂ ನನಗೆ ಹೇಳಿರಲಿಲ್ಲ, ಹೇಳಬೇಕಾದ ಸಂದರ್ಭವೂ ಬಂದಿರಲಿಲ್ಲ. ನಾನು ರಬ್ಬರ್ ಬ್ಯಾಂಡ್ ಹಾಕಿದ ನೋಟ್‌ಬುಕ್ಕಿನಲ್ಲಿ ಹುಡುಕುತ್ತಿದ್ದ ನಂಬರುಗಳೆಲ್ಲ ಅವರ ತಲೆಯಲ್ಲಿದ್ದವು. ಆಮೇಲಾಮೇಲೆ ನಾನೂ ನೋಟ್‌ಬುಕ್ ತೆರೆಯುವುದನ್ನು ಬಿಟ್ಟು ಅವರನ್ನೇ ಕೇಳತೊಡಗಿದೆ.

ವರ್ಷಗಳು ಹೋದವು. ಫ್ಯಾಕ್ಸ್ ಬಂತು. ಮಾಲೀಕರ ಕೋಣೆಯ ಕಂಪ್ಯೂಟರಿಗೆ ಇ-ಮೇಲ್ ಬಂತು. ಮಾರಾಟದವರ ಸೊಂಟಕ್ಕೆ ಪೇಜರ್ ಬಂದು ಹೋಯಿತು, ಮೊಬೈಲ್ ಬಂದು ನಿಂತಿತು. ಒಂದೊಂದು ಬಂದಾಗಲೂ ಕೆಲಸ ಹಗುರಾಗುತ್ತದೆ ಎಂದೇ ಎಲ್ಲರೂ ಅಂದರು. ಆದದ್ದು ಬೇರೆ. ಮೊದಲು ಯಾವ ಸುದ್ದಿ ಬಂದರೂ ನಮ್ಮಿಬ್ಬರ ಬೋರ್ಡಿನ ಮೂಲಕವೇ ಬರುತ್ತಿತ್ತು. ಈಗ ನಾಲ್ಕು ದಿಕ್ಕಿನಿಂದ ಬರತೊಡಗಿತು. ಒಮ್ಮೆ ಕೊಲ್ಹಾಪುರದ ಹಳೆಯ ಗಿರಾಕಿಯೊಬ್ಬರು ವಾಲ್ವುಗಳ ಅಳತೆ ಬದಲಿಸಿ ಹುಬ್ಬಳ್ಳಿಗೆ ಫ್ಯಾಕ್ಸ್ ಮಾಡಿದರು, ಬೇಲೂರಿಗೆ ಮೇಲ್ ಹಾಕಿದರು, ಮಾರಾಟದವನ ಮೊಬೈಲಿಗೂ ಹೇಳಿದರು. ಫ್ಯಾಕ್ಸಿನ ಹಾಳೆ ಯಂತ್ರದ ಹಿಂದೆ ಬಿದ್ದಿತ್ತು. ಮೇಲ್ ಯಾರೂ ತೆರೆದಿರಲಿಲ್ಲ. ಮಾರಾಟದವನು ರಜೆಯ ಮೇಲಿದ್ದ. ಲಾರಿ ತುಂಬ ಹಳೆಯ ಅಳತೆಯ ಮಾಲು ಹೋಗಿ ಹಾಗೆಯೇ ತಿರುಗಿ ಬಂತು. ಆ ಗಿರಾಕಿ ಮತ್ತೆ ನಮ್ಮ ಕಡೆ ಬರಲಿಲ್ಲ.

ಇದಾದ ಮೇಲೆ ಮಾಲೀಕರ ಸೊಸೆ ಆಫೀಸಿನ ಜವಾಬ್ದಾರಿ ವಹಿಸಿಕೊಂಡರು. ಪುಣೆಯಲ್ಲಿ ಓದಿದವರು, ಮೃದು ಮಾತಿನವರು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಕೂಡಿಸಿ ಹೊಸ ವ್ಯವಸ್ಥೆಯನ್ನು ವಿವರಿಸಿದರು. ಫೋನು, ಫ್ಯಾಕ್ಸು, ಮೇಲು, ಯಾರೂ ಎತ್ತದಿದ್ದಾಗ ಬಿಟ್ಟ ಮಾತು, ಎಲ್ಲವೂ ಇಂಟರ್‌ನೆಟ್ ಮೇಲೆ ಒಂದೇ ಕಡೆ ಕಾಣುತ್ತವೆ. ಯಂತ್ರ ನಮ್ಮ ಕಟ್ಟಡದಲ್ಲಿ ಇರುವುದಿಲ್ಲ, ಸೇವೆ ಕೊಡುವ ಕಂಪನಿಯವರು ಬೇರೆ ಊರಲ್ಲಿ ಇಟ್ಟು ನೋಡಿಕೊಳ್ಳುತ್ತಾರೆ. ಇದಕ್ಕೆ ಕ್ಲೌಡ್ ಅನ್ನುತ್ತಾರೆ ಎಂದರು. ಹಿಂದೆ ನಿಂತಿದ್ದ ನಮ್ಮ ಹಿರಿಯ ಪ್ಯೂನ್ ಅದನ್ನು ಮೋಡ ಎಂದು ಅರ್ಥ ಮಾಡಿಕೊಂಡು, “ಧಾರವಾಡದ ಮೋಡಾ ನಂಬಿ ಯಾರರ ಅರಿವಿ ಒಣಗ ಹಾಕ್ತಾರೇನ್ರಿ” ಎಂದು ಮೆಲ್ಲಗೆ ಅಂದ. ಮಾಲೀಕರ ಸೊಸೆಯೂ ನಕ್ಕರು.

ಸಭೆ ಮುಗಿದ ಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದರು. ಇನ್ನು ಮುಂದೆ ಎರಡು ಬೋರ್ಡು ಬೇಕಾಗುವುದಿಲ್ಲ, ಕಂಪ್ಯೂಟರಿನ ಮುಂದೆ ಒಬ್ಬರು ಕೂತರೆ ಎರಡೂ ಕಡೆಯ ಕರೆಗಳನ್ನು ನೋಡಿಕೊಳ್ಳಬಹುದು, ಆ ಒಬ್ಬರು ನೀವೇ ಎಂದರು. ಬೇಲೂರಿನವರನ್ನು ಕೆಲಸದಿಂದ ತೆಗೆಯುವ ಮಾತೇ ಇರಲಿಲ್ಲ. ಆದರೆ ಪರದೆ ನೋಡಿ ಮಾಡುವ ಕೆಲಸ ಅವರಿಂದ ಹೇಗೆ ಸಾಧ್ಯ? ಸ್ಟೋರ್ಸಿನಲ್ಲಿ ಒಂದು ಕುರ್ಚಿ ಹಾಕಿ ಕೂಡಿಸುತ್ತೇವೆ, ಪಗಾರ ಹಾಗೇ ಮುಂದುವರಿಯುತ್ತದೆ ಎಂದರು. ಅವರ ದೃಷ್ಟಿಯಲ್ಲಿ ಅದು ಉದಾರತನವೇ. ನಾನು ಹೂಂ ಅಂದು ಹೊರಗೆ ಬಂದೆ. ಮನಸ್ಸಿಗೆ ಸಮಾಧಾನವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಜಾಗ ಉಳಿದಿತ್ತು.

ನಾಲ್ಕು ದಿನ ಬೇಲೂರಿನವರಿಗೆ ಏನೂ ಹೇಳಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಮಾತಾಡುತ್ತಲೇ ಇದ್ದೆವು. ಐದನೆಯ ದಿನ ಸಂಜೆ ಅವರೇ ಕೇಳಿದರು.

“ಅಕ್ಕಾರ, ಸೋಮವಾರದಿಂದ ನಿಮ್ಮ ದನಿ ನಿಮ್ಮಂಗ ಇಲ್ಲ. ಏನಿದ್ರೂ ಹೇಳಿ ಬಿಡ್ರಿ.”

ಹೇಳಿದೆ. ಅವರು ಸ್ಟೋರ್ಸಿನಲ್ಲಿ ತಾವು ಮಾಡುವುದೇನು ಎಂದು ಮಾತ್ರ ಕೇಳಿದರು.

ಮುಂದಿನ ವಾರ ತರಬೇತಿ. ನನ್ನ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ತಲೆಗೆ ಹೆಡ್‌ಫೋನ್ ಹಾಕಿದರು. ಬದಲಾವಣೆ ಮುಗಿಯುವವರೆಗೆ ಬೇಲೂರಿನವರೂ ಜೊತೆಗಿರಲಿ ಎಂದು ಪ್ರತಿ ಕರೆಯನ್ನೂ ಇಬ್ಬರೂ ಕೇಳುವಂತೆ ಮಾಡಿದ್ದರು. ಇಲ್ಲಿ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಸಂಗತಿಯೊಂದನ್ನು ಬರೆಯಬೇಕು. ಎರಡು ವರ್ಷದಿಂದ ನನ್ನ ಬಲಗಿವಿ ಮಂದವಾಗಿತ್ತು, ಎಡಗಿವಿಯೂ ಅದರ ಹಿಂದೆಯೇ ಹೊರಟಿತ್ತು. ಡಾಕ್ಟರು ಕಿವಿಗೆ ಯಂತ್ರ ಹಾಕಿಕೊಳ್ಳಲು ಹೇಳಿದ್ದರು. ಆಪರೇಟರಿಗೆ ಕಿವಿ ಇಲ್ಲ ಎಂದು ಗೊತ್ತಾದರೆ ಮುಂದೇನು ಎಂಬ ಹೆದರಿಕೆಯಿಂದ ಆ ಚೀಟಿಯನ್ನು ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಹಳೆಯ ಬೋರ್ಡಿನಲ್ಲಿ ಹೇಗೋ ನಡೆದಿತ್ತು. ಹೊಸ ಲೈನಿನಲ್ಲಿ ದನಿ ನಡುನಡುವೆ ತುಂಡಾಗುತ್ತಿತ್ತು.

ಮೂರನೆಯ ದಿನ ಬಾಗಲಕೋಟೆಯ ಡೀಲರೊಬ್ಬರು ಮಾಲು ಬರೆಸಿದರು. ನಾನು ಬರೆದುಕೊಂಡು, ಐವತ್ತು ವಾಲ್ವ್ ಎಂದು ಪರದೆಯ ಮೇಲೆ ಟೈಪ್ ಮಾಡಿ, ಟೈಪ್ ಮಾಡಿದ್ದನ್ನು ಎಂದಿನಂತೆ ಗಟ್ಟಿಯಾಗಿ ಅಂದುಕೊಂಡೆ. ಕರೆ ಮುಗಿದಿತ್ತು. ಲೈನಿನ ಮೇಲೆ ಅವರೊಬ್ಬರೇ ಉಳಿದಿದ್ದರು.

“ಅಕ್ಕಾರ, ಅವರು ಫಿಫ್ಟೀನ್ ಅಂದ್ರು. ಫಿಫ್ಟಿ ಅಲ್ಲ.”

ನಾನು ತಿದ್ದಿದೆ. ಲೈನು ಸರಿ ಇಲ್ಲ ನೋಡ್ರಿ ಎಂದೆ.

“ಲೈನು ಮೂರು ದಿವಸದ್ದು. ನೀವು ಒಂದ ಮಾತು ಮೂರು ಮೂರು ಸಲ ಕೇಳಾಕತ್ತು ಒಂದು ವರ್ಷ ಆತರಿ,” ಎಂದರು. ಅದರಲ್ಲಿ ಚುಚ್ಚುವ ಧಾಟಿ ಇರಲಿಲ್ಲ. ತಾವು ಯಾರ ಮುಂದೆಯೂ ಹೇಳಿಲ್ಲ, ಹೇಳುವುದೂ ಇಲ್ಲ, ಡಾಕ್ಟರಿಗೆ ತೋರಿಸಿಕೊಳ್ಳಿರಿ ಎಂದು ಸೇರಿಸಿ ಫೋನ್ ಇಟ್ಟರು.

ಅಂದು ಬಸ್ಸಿನಲ್ಲಿ ಮನೆಗೆ ಹೋಗುತ್ತ ಬೇರೇನೂ ಯೋಚಿಸಲಾಗಲಿಲ್ಲ. ಒಂದು ವರ್ಷದಿಂದ ಅವರಿಗೆ ಗೊತ್ತಿತ್ತು. ತಮ್ಮ ಕುರ್ಚಿ ಹೋಗುತ್ತದೆ ಎಂದು ತಿಳಿದ ಮೇಲೆ ಆಫೀಸಿನಲ್ಲಿ ನನ್ನ ಕಿವಿಯ ಬಗ್ಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಾನೋ, ನಾಲ್ಕು ದಿನ ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಮರುದಿನ ಅವರನ್ನು ನೇರವಾಗಿ ಕೇಳಿದೆ, ಕಣ್ಣಿಲ್ಲದವರು ಕಂಪ್ಯೂಟರ್ ಬಳಸಲು ಯಾವ ದಾರಿಯೂ ಇಲ್ಲವೇ ಎಂದು. ಇದೆ ಎಂದರು. ಪರದೆಯ ಮೇಲಿನದನ್ನು ಓದಿ ಹೇಳುವ ಪ್ರೋಗ್ರಾಂ ಇದೆಯಂತೆ. ಅವರ ಜೊತೆ ಓದಿದ ಗೆಳೆಯನೊಬ್ಬ ಬ್ಯಾಂಕಿನಲ್ಲಿ ಅದರಿಂದಲೇ ಕೆಲಸ ಮಾಡುತ್ತಾನಂತೆ. ತಾವೂ ರವಿವಾರಗಳಲ್ಲಿ ಅವನ ಮನೆಗೆ ಹೋಗಿ ಕಲಿತಿದ್ದರಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದೆ.

“ನಿಮ್ಮ ಜಾಗಾಕ ನಾ ಅರ್ಜಿ ಹಾಕಿದಂಗ ಆಗ್ತಿತ್ತಲ್ರಿ.”

ಮಧ್ಯಾಹ್ನ ನಾನು ಮಾಲೀಕರ ಸೊಸೆಯ ಮುಂದೆ ಕೂತು ಎರಡೂ ಸಂಗತಿ ಹೇಳಿದೆ. ಮೊದಲು ನನ್ನ ಕಿವಿಯದು, ಆಮೇಲೆ ಬೇಲೂರಿನವರ ಪ್ರೋಗ್ರಾಮಿನದು. ನೀವು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ ಎಂದರು. ಒಂದು ತಿಂಗಳು ನೋಡೋಣ, ಅವರಿಂದ ಆಗದಿದ್ದರೆ ಮತ್ತೆ ನೀವೇ ಎಂದು ಒಪ್ಪಿದರು.

ಮನೆಯಲ್ಲಿ ನನ್ನ ಯಜಮಾನರಿಗೆ ಇದು ಹಿಡಿಸಲಿಲ್ಲ. ಅವರು ಕಾಲೇಜೊಂದರಲ್ಲಿ ಗುಮಾಸ್ತರು, ಕುರ್ಚಿಯ ಬೆಲೆ ತಿಳಿದವರು. “ತಾನಾಗೇ ಬಂದದ್ದನ್ನ ಕರದು ಕೊಟ್ಟು ಬಂದಿ. ನಾಳೆ ನಿನಗ ಯಾರು ಕೊಡ್ತಾರ?” ಎಂದರು. ಅವರು ಹೇಳಿದ್ದು ತಪ್ಪೆಂದು ನನಗೂ ಅನ್ನಿಸಿರಲಿಲ್ಲ.

ಆ ತಿಂಗಳು ಬೇಲೂರಿನವರು ದಿನಾಲೂ ಧಾರವಾಡದಿಂದ ಬಸ್ಸು ಹಿಡಿದು ಗೋಕುಲ ರಸ್ತೆಗೆ ಬಂದರು. ಹದಿನಾರು ವರ್ಷ ಲೈನಿನ ಎರಡು ತುದಿಗೆ ಇದ್ದವರು ಮೊದಲ ಸಲ ಒಂದೇ ಮೇಜಿಗೆ ಕೂತೆವು. ಮೊದಲ ವಾರ ಏನೂ ನಡೆಯಲಿಲ್ಲ. ಓದುವ ಪ್ರೋಗ್ರಾಂ ಅಕ್ಷರಗಳನ್ನು ಓದುತ್ತಿತ್ತು, ಆದರೆ ಹೊಸ ವ್ಯವಸ್ಥೆಯಲ್ಲಿ ಅರ್ಧ ಬಟನ್‌ಗಳು ಬರೀ ಚಿತ್ರಗಳು, ಅವಕ್ಕೆ ಹೆಸರೇ ಇರಲಿಲ್ಲ. ಎಲ್ಲಕ್ಕೂ ಅದು ‘ಬಟನ್, ಬಟನ್’ ಎನ್ನುತ್ತಿತ್ತು. ಸೇವೆ ಕೊಟ್ಟವರಿಗೆ ಮೇಲ್ ಹಾಕಿದರೆ ನೋಡುತ್ತೇವೆ ಎಂದು ಉತ್ತರ ಬಂತು. ಅವರು ನೋಡುವವರೆಗೆ ಕಾಯುವಂತಿರಲಿಲ್ಲ. ಹಾಗಾಗಿ ನಾನು ಪಕ್ಕಕ್ಕೆ ಕೂತು ಪರದೆಯನ್ನು ಮೂಲೆಯಿಂದ ಮೂಲೆಗೆ ಓದಿ ಹೇಳಿದೆ. ಅವರು ಎಣಿಸಿಕೊಂಡರು. ಕೀಲಿಮಣೆಯ ಒಂದು ಕೀಲಿಯನ್ನು ಏಳು ಸಲ ಒತ್ತಿದರೆ ಫ್ಯಾಕ್ಸು, ಹನ್ನೊಂದು ಸಲಕ್ಕೆ ಬಿಟ್ಟ ಮಾತುಗಳು, ಹಿಂದಕ್ಕೆ ಮೂರು ಸಲಕ್ಕೆ ಕರೆ ದಾಟಿಸುವುದು. ಮೂರನೆಯ ವಾರದ ಹೊತ್ತಿಗೆ ಅವರ ಬೆರಳು ಎಣಿಸುವುದನ್ನೂ ಬಿಟ್ಟಿತ್ತು. ಪ್ರೋಗ್ರಾಮಿನ ದನಿಯನ್ನು ಎಷ್ಟು ವೇಗವಾಗಿ ಓಡಿಸುತ್ತಿದ್ದರೆಂದರೆ, ನಮಗೆ ಅದು ಸಾಸಿವೆ ಸಿಡಿದಂತೆ ಕೇಳುತ್ತಿತ್ತು. ಒಂದು ಕಿವಿಗೆ ಅದು, ಇನ್ನೊಂದು ಕಿವಿಗೆ ಗಿರಾಕಿ. ಎರಡನ್ನೂ ಬೇರೆ ಬೇರೆ ಹಿಡಿಯುತ್ತಿದ್ದರು.

ತಿಂಗಳು ಮುಗಿದ ಮೇಲೆ ಯಾರೂ ಏನೂ ಕೇಳಲಿಲ್ಲ, ಕೇಳುವಂಥದ್ದು ಉಳಿದಿರಲಿಲ್ಲ. ಅವರು ಬೇಲೂರಿಗೇ ಮರಳಿದರು. ಯಂತ್ರ ಎಲ್ಲೋ ಇರುವುದರಿಂದ ಎಲ್ಲಿ ಕೂತರೂ ಒಂದೇ ಆಗಿತ್ತು. ಹುಬ್ಬಳ್ಳಿಯ ನಂಬರಿಗೆ ಮಾಡಿದರೂ ಬೇಲೂರಿನಲ್ಲಿ ಅವರೇ ಎತ್ತುತ್ತಿದ್ದರು. ನನ್ನ ಹಳೆಯ ಬೋರ್ಡನ್ನು ಇಬ್ಬರು ಬಿಚ್ಚಿ, ತಂತಿಗಳನ್ನು ಸುತ್ತಿ, ಆಟೋದಲ್ಲಿ ಹಾಕಿಕೊಂಡು ಹೋದರು. ಗೋಡೆಯ ಮೇಲೆ ಅದರ ಆಕಾರದ ಬಿಳಿ ಗುರುತು ಉಳಿಯಿತು.

ನನ್ನನ್ನು ಡಿಸ್ಪ್ಯಾಚ್ ವಿಭಾಗಕ್ಕೆ ಹಾಕಿದರು. ಗಿರಾಕಿಗಳ ಮೇಲ್‌ಗಳಿಗೆ ಉತ್ತರ ಬರೆಯುವುದು, ಮಾಲು ಎಲ್ಲಿದೆ ಎಂದು ತಿಳಿಸುವುದು ನನ್ನ ಕೆಲಸ. ಅದು ಚಿಕ್ಕ ಕೆಲಸವೇನಲ್ಲ. ಆದರೂ ಮೊದಲ ವರ್ಷ ನನಗೆ ಸಂಕಟವಾಗುತ್ತಿತ್ತು. ಕೊಟ್ಟದ್ದು ನಾನೇ ಆದರೂ ಕಸಿದುಕೊಂಡಂತೆ ಅನ್ನಿಸುತ್ತಿತ್ತು. ಫೋನ್ ಎತ್ತಿದಾಗ ಆ ಕಡೆಯಿಂದ ಅವರ ದನಿ ಬಂದರೆ ಕೆಲವು ದಿನ ಬೇಕೆಂದೇ ಚುಟುಕಾಗಿ ಮಾತಾಡಿ ಇಡುತ್ತಿದ್ದೆ. ಅವರು ಅದನ್ನೂ ಗುರುತಿಸಿರಬೇಕು.

ಮೊದಲ ಮಳೆಗಾಲದಲ್ಲಿ ರಸ್ತೆ ಅಗೆಯುವವರು ಇಂಟರ್‌ನೆಟ್ ಕೇಬಲ್ ಕತ್ತರಿಸಿ ಅರ್ಧ ದಿನ ಎರಡೂ ಕಡೆ ಎಲ್ಲವೂ ಸತ್ತು ಬಿದ್ದಿತು. ಫೋನಿಲ್ಲ, ಫ್ಯಾಕ್ಸಿಲ್ಲ, ಮೇಲಿಲ್ಲ. ಪ್ಯೂನ್ ಎಲ್ಲರ ಮೇಜಿಗೂ ಹೋಗಿ ತಾನು ಮೊದಲೇ ಹೇಳಿದ್ದೆ ಎಂದು ನೆನಪಿಸಿ ಬಂದ. ನನ್ನೊಳಗೂ ಸಣ್ಣ ಖುಷಿ ಎದ್ದಿತು. ಆಗ ನನ್ನ ಮೊಬೈಲ್ ರಿಂಗಾಯಿತು. ಅವರು ತಮ್ಮ ಸ್ವಂತ ಮೊಬೈಲಿನಿಂದ, ಅಂದು ಕರೆ ಮಾಡಬಹುದಾದ ಗಿರಾಕಿಗಳಿಗೆಲ್ಲ ತಾವೇ ಮಾಡಿ ವಿಷಯ ತಿಳಿಸುತ್ತಿದ್ದರು. ಅರ್ಧ ಜನರಿಗೆ ನೀವು ಮಾಡುತ್ತೀರಾ, ನಂಬರು ಹೇಳುತ್ತೇನೆ ಎಂದು ಕೇಳಿದರು. ಅವರು ತಲೆಯಿಂದ ನಂಬರು ಹೇಳಿದರು, ನಾನು ಬರೆದುಕೊಂಡೆ. ಬರೆದದ್ದನ್ನು ಓದಿ ಹೇಳಿದೆ. ಎರಡು ತಪ್ಪಿದ್ದವು, ತಿದ್ದಿದರು. ಮುಂದಿನ ತಿಂಗಳು ಕಂಪನಿ ಎರಡನೆಯ ಲೈನು ತೆಗೆದುಕೊಂಡಿತು.

ಆ ದಿನ ನಾನು ಮಾಡಿದ ಕರೆಗಳಲ್ಲಿ ಗದಗಿನ ಹಳೆಯ ಡೀಲರೊಬ್ಬರದೂ ಇತ್ತು. ನನ್ನ ದನಿ ಕೇಳಿ ಅವರಿಗೆ ಬಹಳ ಸಂತೋಷವಾಯಿತು. ಬಾಯಾರು, ಅಂದರೆ ನಾನು, ಎಲ್ಲಿ ಹೋದರು ಎಂದು ಬೇಲೂರಿನವರನ್ನು ಕೇಳಿದ್ದರಂತೆ. “‘ಅವರೀಗ ದೊಡ್ಡ ಕೆಲಸಕ್ಕ ಹೋಗ್ಯಾರರಿ, ನನ್ನ ಈ ಕುರ್ಚಿ ಅವರು ಕೊಟ್ಟದ್ದು’ ಅಂತ ಹೇಳಿದ್ರು,” ಎಂದರು ಡೀಲರು. ಒಬ್ಬರಿಗಲ್ಲ, ಕೇಳಿದ ಪ್ರತಿಯೊಬ್ಬರಿಗೂ ಹಾಗೆಯೇ ಹೇಳುತ್ತಿದ್ದರೆಂದು ನಂತರ ತಿಳಿಯಿತು.

ಆ ವಾರವೇ ಸತ್ತೂರಿನ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿಕೊಂಡೆ. ಯಜಮಾನರು ಜೊತೆಗೆ ಬಂದರು. ಯಂತ್ರ ಹಾಕಿ ಹೊರಗೆ ಬಂದಾಗ ಕಾರಿಡಾರಿನಲ್ಲಿ ಯಾರೋ ಚಪ್ಪಲಿ ಎಳೆದು ನಡೆಯುತ್ತಿದ್ದದ್ದು, ದೂರದಲ್ಲಿ ಮಗುವೊಂದು ಹಟ ಮಾಡುತ್ತಿದ್ದದ್ದು ಎಲ್ಲ ಒಟ್ಟಿಗೆ ಕೇಳಿ ತಲೆ ಗಿಮ್ಮೆಂದಿತು. ಒಂದು ಬೆಂಚಿನ ಮೇಲೆ ಕೂತೆವು. ಯಜಮಾನರು ಮೆಲುದನಿಯಲ್ಲೇ ಚಹಾ ಕುಡಿಯೋಣೇನು ಎಂದು ಕೇಳಿದರು. ಹೂಂ ಅಂದೆ.