ಬಾಲ್ಕನಿಯಿಂದ ಬಂದ ಶಿಳ್ಳೆ

ಕಾಣೆಯಾದ ಕನ್ನಡಕಕ್ಕೂ ಕಾಣೆಯಾದ ಮೊಬೈಲಿಗೂ ಒಂದು ವ್ಯತ್ಯಾಸವಿದೆ: ಕನ್ನಡಕವನ್ನು ಎಷ್ಟು ಕರೆದರೂ ಓಗೊಡುವುದಿಲ್ಲ, ಮೊಬೈಲು ಯಾವ ಮೂಲೆಯಲ್ಲಿದ್ದರೂ ಓಗೊಡುತ್ತದೆ. ಈಚೆಗೆ ಒಂದು ಭಾನುವಾರ, ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ವಾರಗಿತ್ತಿ ಸುಶೀಲೆಯ ಮನೆಯಲ್ಲಿ ಊಟ ಮುಗಿಸಿ ಹೊರಡುವ ಹೊತ್ತಿಗೆ ನನ್ನ ಮೊಬೈಲು ಕಾಣದಾಯಿತು. ಅವಳ ಮಗ ಪ್ರದೀಪ ಸೋಫಾದಿಂದ ಮೈಯನ್ನು ಒಂದಿಷ್ಟೂ ಎತ್ತದೆ ತನ್ನ ಮೊಬೈಲಿನಿಂದ ನನಗೊಂದು ಕರೆ ಮಾಡಿದ. ನನ್ನದು ಅಡುಗೆಮನೆಯ ಅಕ್ಕಿಡಬ್ಬದ ಹಿಂದಿನಿಂದ ವಿನಯವಾಗಿ ಉತ್ತರಿಸಿತು. ನಾನು ಮಾತ್ರ ಅತ್ತ ಹೋಗಲಾರದೆ ನಿಂತೆ. ಪ್ರದೀಪನ ಕೈಯಲ್ಲಿದ್ದ ಪರದೆಯ ಮೇಲೆ ನನ್ನ ಹೆಸರು ಬೆಳಗುತ್ತಿತ್ತು, ಮತ್ತು ಆ ಹೆಸರು "ಶಿಳ್ಳೆ ದೊಡ್ಡಮ್ಮ" ಎಂದಾಗಿತ್ತು. ಅದರ ಪಕ್ಕದಲ್ಲಿ ಹಳದಿ ಮುಖವೊಂದು ತುಟಿ ಚೂಪು ಮಾಡಿಕೊಂಡು ಕುಳಿತಿತ್ತು.

"ಏನೋ ಇದು?" ಎಂದೆ.

"ಅಯ್ಯೋ ದೊಡ್ಡಮ್ಮ, ನಂಗೆ ಇಷ್ಟೊಂದು ಜನ ದೊಡ್ಡಮ್ಮಂದ್ರು. ಯಾರು ಅಂತ ಗೊತ್ತಾಗ್ಲಿ ಅಂತ ಹಾಕ್ಕೊಂಡಿದೀನಿ ಅಷ್ಟೇ."

"ದುರ್ಗಿಗುಡಿ ದೊಡ್ಡಮ್ಮ ಅಂತ ಹಾಕ್ಕೊಂಡ್ರೆ ಗೊತ್ತಾಗ್ತಿರ್ಲಿಲ್ವ?"

"ಅದು ಉದ್ದ ಆಗತ್ತೆ."

ಮನುಷ್ಯರ ಹೆಸರು ಕೆಡುವುದು ಹೆಚ್ಚಾಗಿ ಹೀಗೆಯೇ, ಬಂಧುಗಳೇ. ದ್ವೇಷದಿಂದ ಕೆಡುವುದಕ್ಕಿಂತ ಸೋಮಾರಿತನದಿಂದ ಕೆಡುವುದೇ ಹೆಚ್ಚು. ಈ ಅಪವಾದದ ಪೂರ್ವವೃತ್ತಾಂತವನ್ನು ನಾನು ಬಲ್ಲವರೆದುರೆಲ್ಲ ನಿವೇದಿಸಿಕೊಂಡಿದ್ದೇನೆ, ಯಾರೂ ಪೂರ್ತಿ ಕೇಳಿಲ್ಲ. ನೀವಾದರೂ ಮಧ್ಯದಲ್ಲಿ ಎದ್ದುಹೋಗುವಂತಿಲ್ಲ.

ನಾನೂ ಸುಶೀಲೆಯೂ ಶಿವಮೊಗ್ಗದ ದುರ್ಗಿಗುಡಿಯ ಒಂದೇ ಮನೆಗೆ ಸೊಸೆಯರಾಗಿ ಬಂದವರು. ನಾನು ಹೊಸಮನೆ ಬಡಾವಣೆಯ ಮೇಷ್ಟರ ಮಗಳು, ಹಿರಿಯ ಸೊಸೆ. ಸುಶೀಲೆ ಭದ್ರಾವತಿಯ ಕಾರ್ಖಾನೆ ನೌಕರರ ಮಗಳು, ಕಿರಿಯವಳು. ನೆಲ ನೋಡಿಕೊಂಡು ನಡೆಯುವವಳು, ಕೇಳಿದ್ದಕ್ಕೆ ಮಾತ್ರ ಉತ್ತರಿಸುವವಳು, ಅತ್ತೆಯವರ ಕಣ್ಣಿಗೆ ಬಾಯಿಯೇ ಇಲ್ಲದವಳು. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯವರು ಇಬ್ಬರನ್ನೂ ಒಂದು ಮ್ಯಾಟಿನಿಗೆ ಕರೆದೊಯ್ದರು. ಚಿತ್ರದ ಹೆಸರನ್ನು ಹೇಳಲಾರೆ. ಹೇಳಿದರೆ ನೀವು ಅದರ ಹಾಡು ಗುನುಗುತ್ತ ಕುಳಿತು ನನ್ನ ನೋವನ್ನು ಮರೆಯುತ್ತೀರಿ. ನಾಯಕ, ಭುಜದ ಮೇಲೊಂದು ಶಾಲು ಹೊದ್ದು, ಅರಮನೆಯಂಥ ಬಂಗಲೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಬರುತ್ತಾನೆ ಎಂಬಷ್ಟು ತಿಳಿದರೆ ಸಾಕು. ಕೆಳಗೆ ಪರದೆಗೆ ಹತ್ತಿರದ ಗಾಂಧಿ ಕ್ಲಾಸಿನವರು ಕಾಗದದ ಚೂರು ತೂರಿ ಕುಣಿಯುತ್ತಿದ್ದಾಗ, ಅವರೆಲ್ಲರ ಗದ್ದಲವನ್ನೂ ಸೀಳಿಕೊಂಡು, ಸಂಸಾರಸ್ಥರು ಕೂರುವ ಬಾಲ್ಕನಿಯಿಂದ, ಅದೂ ನನ್ನ ಎಡಗಡೆಯ ಕುರ್ಚಿಯಿಂದ ಒಂದು ಶಿಳ್ಳೆ ಹೊರಟಿತು.

ಶಿಳ್ಳೆ ಎಂದೆ. ಈ ಪದವನ್ನು ನಾನು ವಿವೇಚಿಸಿಯೇ ಬಳಸುತ್ತಿದ್ದೇನೆ. ಪೊಲೀಸಿನವನು ಊದುವುದು ಸೀಟಿ, ಕಂಡಕ್ಟರನದು ವಿಷಲ್, ಕುಕ್ಕರಿನದು ಕೂಗು, ಕಾರ್ಖಾನೆಯದು ಸೈರನ್. ಇವೆಲ್ಲ ಯಾವುದೋ ಕೆಲಸಕ್ಕಾಗಿ ಹುಟ್ಟಿದ ಸದ್ದುಗಳು, ಒಂದಲ್ಲ ಒಂದು ಆಜ್ಞೆಯನ್ನು ಹೊತ್ತು ಬರುವಂಥವು. ಯಾವ ಕೆಲಸವೂ ಇಲ್ಲದೆ, ಎದೆಯೊಳಗೆ ಹಿಡಿಸದಷ್ಟು ಸಂತೋಷವಾದಾಗ ಬಾಯಿಂದ ತುಳುಕುವ ಸದ್ದೊಂದೇ ಶಿಳ್ಳೆ. ಅದಕ್ಕೇ ಇರಬೇಕು, ಹೆಂಗಸರಿಗೆ ಕುಕ್ಕರನ್ನು ಕೊಟ್ಟು ಶಿಳ್ಳೆಯನ್ನು ಕೊಡದೆ ಉಳಿಸಿಕೊಂಡದ್ದು.

ಗೇಟ್‌ಕೀಪರನ ಟಾರ್ಚು ಬಂದು ನೇರವಾಗಿ ನನ್ನ ಮುಖದ ಮೇಲೆ ಬಿತ್ತು. ದುರದೃಷ್ಟವೆಂದರೆ ಆ ಕ್ಷಣದಲ್ಲಿ ನನ್ನ ಎರಡು ಬೆರಳುಗಳು ನನ್ನ ಬಾಯಿಯಲ್ಲಿದ್ದವು. ಕಡಲೆಕಾಯಿಯ ಸಿಪ್ಪೆಯೊಂದು ದವಡೆಯ ಸಂದಿಗೆ ಸಿಕ್ಕಿಕೊಂಡಿತ್ತು. ಎಡಗಡೆಯ ಸುಶೀಲೆಯ ಕೈಗಳಾದರೋ ಅಷ್ಟರಲ್ಲಿ ಸೆರಗಿನೊಳಗೆ ಸೇರಿ, ದೇವರ ಮುಂದೆ ಕುಳಿತವಳ ಕೈಗಳಂತೆ ಶಾಂತವಾಗಿದ್ದವು.

"ಅಮ್ಮಾ, ಇದು ಗಾಂಧಿ ಕ್ಲಾಸ್ ಅಲ್ಲ," ಎಂದ ಗೇಟ್‌ಕೀಪರ್.

"ಮೇಷ್ಟ್ರ ಮಗಳು ಅಂತ ತಂದ್ಕೊಂಡ್ವಲ್ಲ ಶಿವನೇ!" ಎಂದರು ಅತ್ತೆ.

ಮನೆಗೆ ಬಂದ ಮೇಲೆ, ಅಲ್ಲಿ ಇಲ್ಲದೇ ಇದ್ದ ನಮ್ಮ ಯಜಮಾನರು ಕೂಡ ಇದ್ದವರಿಗಿಂತ ಹೆಚ್ಚು ನಕ್ಕರು. ನಾನು ಆಣೆಯಿಟ್ಟು ಹೇಳಿದಷ್ಟೂ ಅಪರಾಧ ದೃಢವಾಗುತ್ತ ಹೋಯಿತು. ಸುಶೀಲೆ ಅಂದು ಸಂಜೆ ಬಚ್ಚಲ ಹತ್ತಿರ ನನ್ನ ಕೈ ಹಿಡಿದುಕೊಂಡು, "ತಪ್ಪಾಯ್ತು ಅಕ್ಕ, ತಡಕೊಳಕ್ಕೇ ಆಗ್ಲಿಲ್ಲ. ಅತ್ತೆಗೆ ಗೊತ್ತಾದ್ರೆ ನನ್ನ ಇನ್ಯಾವತ್ತೂ ಪಿಚ್ಚರ್‌ಗೆ ಕರ್ಕೊಂಡೋಗಲ್ಲ. ಅವರಿರೋವರ್ಗೂ ಹೇಳ್ಬೇಡಿ," ಎಂದು ಅತ್ತಳು. ಅತ್ತೆಯವರು ಬಹಳ ಆರೋಗ್ಯವಂತರಾಗಿದ್ದರು. ಅವರು ತೀರಿಕೊಳ್ಳುವ ಹೊತ್ತಿಗೆ ಮಕ್ಕಳೆಲ್ಲ ಹುಟ್ಟಿ ಬೆಳೆದು, ಕಾರಣವೇ ತಿಳಿಯದವರ ಬಾಯಲ್ಲಿ ನನ್ನ ಹೆಸರು ನೆಲೆಗೊಂಡಿತ್ತು. ಸುಶೀಲೆ ವಿಷಯವನ್ನೇ ಮರೆತಿದ್ದಳು. ನಾನು ಯಾವುದನ್ನೂ ಮರೆಯುವವಳಲ್ಲ.

ಇಲ್ಲಿ ಒಂದು ಮಾತನ್ನು ಕೇಳದೆ ಮುಂದುವರಿಯಲಾರೆ. ಮೊನ್ನೆ ಬೇಸಿಗೆಯಲ್ಲಿ ಇದೇ ಪ್ರದೀಪ ನನ್ನನ್ನೂ ಒಂದು ನೀರಿನ ಪಾರ್ಕಿಗೆ ಕರೆದೊಯ್ದಿದ್ದ. ಅಲ್ಲಿ ಎತ್ತರದ ಕೊಳವೆಗಳ ತುದಿಯಿಂದ ಗೌರವಾನ್ವಿತ ಗೃಹಿಣಿಯರು, ಬ್ಯಾಂಕಿನ ಅಧಿಕಾರಿಣಿಯರು, ಒಬ್ಬ ಹೆಡ್‌ಮಿಸ್ಟ್ರೆಸ್ಸು ಸಹ, ಬಣ್ಣಬಣ್ಣದ ಟ್ಯೂಬುಗಳಲ್ಲಿ ಕುಳಿತು, ಗಂಟಲು ಹರಿಯುವಂತೆ ಕಿರುಚುತ್ತ ಜಾರಿ ಕೆಳಗೆ ಬೀಳುತ್ತಿದ್ದರು. ಬಿದ್ದವರು ಎದ್ದು, ಮೂಗಿನ ನೀರು ಸೀನಿ, ಮತ್ತೆ ಕಿರುಚಲು ಸಾಲಿನಲ್ಲಿ ನಿಲ್ಲುತ್ತಿದ್ದರು. ಅವರಲ್ಲಿ ಒಬ್ಬಳನ್ನಾದರೂ ಅವಳ ಮನೆಯವರು ಕಿರುಚು ದೊಡ್ಡಮ್ಮ ಎಂದು ಕರೆದದ್ದುಂಟೇ? ಟಿಕೆಟಿನ ಜೊತೆಗೇ ಅವರಿಗೆ ಕಿರುಚಲು ಪರವಾನಗಿ ಸಿಕ್ಕಿತ್ತು. ಕಾಲ ಬದಲಾದಾಗ ಹಳೆಯ ಅಪರಾಧಗಳಿಗೆಲ್ಲ ಕ್ಷಮೆ ಸಿಗುತ್ತದೆ. ಮಾಡದ ಅಪರಾಧಕ್ಕೆ ಮಾತ್ರ ಕ್ಷಮೆ ಕೇಳುವ ಹಾಗೂ ಇಲ್ಲ, ಪಡೆಯುವ ಹಾಗೂ ಇಲ್ಲ.

ಹಾಗಾಗಿ ಆ ಭಾನುವಾರ ಜನ್ನಾಪುರದ ನಡುಮನೆಯಲ್ಲಿ ನಾನು ಸುಶೀಲೆಯನ್ನು ಅಡುಗೆಮನೆಯಿಂದ ಹೊರಗೆ ಕರೆದು, ಎಲ್ಲರೆದುರು ಸತ್ಯ ನುಡಿಯೆಂದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಒಂದಿಷ್ಟೂ ಹಿಂಜರಿಯದೆ ಹೇಳಿಬಿಟ್ಟಳು: "ಹೌದು ಕಣ್ರೋ. ಅವತ್ತು ಶಿಳ್ಳೆ ಹಾಕಿದ್ದು ನಾನೇ. ಪಾಪ, ಅಕ್ಕಂದೇನೂ ತಪ್ಪಿಲ್ಲ."

ಪ್ರದೀಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ನೋಡ್ರಪ್ಪ, ನಮ್ಮಮ್ಮ ಎಷ್ಟು ಒಳ್ಳೇವ್ಳು! ದೊಡ್ಡಮ್ಮಂಗೆ ಬೇಜಾರಾಗ್ಬಾರ್ದು ಅಂತ ತನ್ನ ಮೇಲೆ ಹಾಕ್ಕೊಂತಾಳೆ. ಬರ್ತ್‌ಡೇ ಕ್ಯಾಂಡಲ್ ಊದಕ್ಕೇ ಉಸಿರು ಸಾಲಲ್ಲ, ಶಿಳ್ಳೆ ಹಾಕಿದ್ಲಂತೆ!" ಪ್ರದೀಪನ ಹೆಂಡತಿ ಬಂದು ಸುಶೀಲೆಯ ಭುಜ ಸವರಿದಳು. ತಪ್ಪೊಪ್ಪಿಕೊಂಡವಳ ಕೀರ್ತಿ ಹೆಚ್ಚಿತು. ಒಪ್ಪಿಸಲು ಹೋದ ನಾನು ಸಣ್ಣ ಮನಸ್ಸಿನವಳೂ ಆದೆ.

ಆಗ ನನಗೆ ಖಚಿತವಾಯಿತು, ಮಾತಿನಿಂದ ಈ ಕಳಂಕ ಹೋಗುವುದಿಲ್ಲ. ಶಿಳ್ಳೆಯಿಂದ ಬಂದದ್ದು ಶಿಳ್ಳೆಯಿಂದಲೇ ಹೋಗಬೇಕು. ದೈವವೂ ನನ್ನ ಪರವಾಗಿ ಯೋಚಿಸುತ್ತಿತ್ತು ಎನ್ನಬೇಕು, ಅದೇ ಚಿತ್ರ, ಬಣ್ಣವನ್ನು ತೊಳೆಸಿಕೊಂಡು, ಸದ್ದನ್ನು ಹೊಸದಾಗಿ ಹೊಲಿಸಿಕೊಂಡು, ಶಿವಮೊಗ್ಗದ ಥಿಯೇಟರಿಗೆ ಮತ್ತೆ ಬರುವುದಿತ್ತು. ಈಗಿನವರು ಇದಕ್ಕೆ ರೀ-ರಿಲೀಸ್ ಎನ್ನುತ್ತಾರೆ. ಇಡೀ ಕುಟುಂಬ ನೋಡಲು ಹೋಗುವುದೆಂದೂ, ನಾಯಕ ಮೆಟ್ಟಿಲಿಳಿಯುವಾಗ ಸುಶೀಲೆ ಎಲ್ಲರ ಕಣ್ಣೆದುರು ಶಿಳ್ಳೆ ಹಾಕಬೇಕೆಂದೂ ನಾನು ವಿಧಿಸಿದೆ. ಅವಳು ಒಪ್ಪಿದಳು. "ಬಾಲ್ಕನಿನೇ ಬುಕ್ ಮಾಡ್ತೀನಿ, ದೊಡ್ಡಮ್ಮನ ಕೋರ್ಟು ಅಲ್ಲೇ ನಡೀಲಿ," ಎಂದ ಪ್ರದೀಪ.

ಆದರೆ ಸುಶೀಲೆಯ ಮುಂದಿನ ಹಲ್ಲುಗಳು ಈಗ ಅವಳವಲ್ಲ, ಡಾಕ್ಟರು ಕಟ್ಟಿಕೊಟ್ಟವು. ತಾಲೀಮಿಗೆಂದು ನಾನು ಮತ್ತೆ ಜನ್ನಾಪುರಕ್ಕೆ ಹೋದಾಗ, ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅವಳು ಎಷ್ಟು ಊದಿದರೂ ಬಂದದ್ದು ಬರಿಯ ಗಾಳಿ, ಸ್ವಲ್ಪ ಉಗುಳು.

"ಸೆಟ್ಟು ಅಲ್ಲಾಡತ್ತೆ ಅಕ್ಕ. ಗಾಳಿ ಎಲ್ಲೆಲ್ಲೋ ಹೋಗತ್ತೆ."

"ತೆಗ್ದಿಟ್ಟು ಊದು."

ತೆಗೆದಿಟ್ಟು ಊದಿದಳು. ಮೊದಲಿಗಿಂತ ಕೆಟ್ಟಿತು. ದೋಷವೆಲ್ಲಿದೆಯೆಂದು ಪರಿಶೀಲಿಸಲು ನಾನು ಕ್ರಮವನ್ನು ವಿವರಿಸುವಂತೆ ಕೇಳಿದೆ. "ನಾಲಿಗೆ ತುದಿ ಮಡಚಿ ಹಿಂದಕ್ಕೆ ತಳ್ಳಿ, ತುಟಿನ ಹಲ್ಲಿನ ಮೇಲೆ ಮುಚ್ಕೊಂಡು, ಎರಡು ಬೆರಳು ಹಿಂಗೆ... ಹಿಂಗಲ್ಲ ಮಾರಾಯ್ತಿ, ಸ್ವಲ್ಪ ಓರೆಗೆ..." ಭಯಭಕ್ತಿಯಿಂದ ನೀವು ಎನ್ನುವವಳು ವಿದ್ಯೆಯ ಮಾತು ಬಂದೊಡನೆ ನನ್ನನ್ನು ಮಾರಾಯ್ತಿ ಎಂದದ್ದನ್ನು ನಾನು ಗಮನಿಸದೆ ಬಿಡಲಿಲ್ಲ. ಯಾರು ಕಲಿಸಿದರೆಂದು ಕೇಳಿದೆ. ಅವಳ ಅಪ್ಪ ಶಿಫ್ಟು ಮುಗಿಸಿ ಸೈಕಲ್ಲಿನಲ್ಲಿ ಬರುವಾಗ ಬೀದಿಯ ತಿರುವಿನಲ್ಲೇ ಶಿಳ್ಳೆ ಹಾಕುತ್ತಿದ್ದರಂತೆ. ಮಕ್ಕಳು ಜಗಲಿಯ ಮೇಲಿಂದ ತಿರುಗಿ ಹಾಕಬೇಕಂತೆ. ಯಾರದು ಮೊದಲು ಕೇಳುತ್ತದೋ ಅವರಿಗೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಮನೆಯವರೆಗೆ ಸವಾರಿಯಂತೆ. ಶಿಳ್ಳೆ ಹಾಕಿದರೆ ಹಾವು ಬರುತ್ತದೆಂದು ನಮ್ಮ ಮನೆಯಲ್ಲಿ ಹೆದರಿಸಿದ್ದರು. ಅವರ ಮನೆಯಲ್ಲಿ ಶಿಳ್ಳೆ ಹಾಕಿದರೆ ಅಪ್ಪ ಬರುತ್ತಿದ್ದರು.

ಈ ಮಾತನ್ನು ಕೇಳಿ ನಾನೂ ಆ ಕಲ್ಲಿನ ಮೇಲೆ ಅವಳ ಪಕ್ಕ ಕುಳಿತೆ. ಅನಂತರ, ಗಾಳಿ ಹೊರಡಬೇಕಾದ ಜಾಗ ಯಾವುದೆಂದು ಅವಳಿಗೆ ತೋರಿಸಿಕೊಡುವ ಏಕೈಕ ಉದ್ದೇಶದಿಂದ, ನಾಲಿಗೆ ಮಡಚಿ, ಬೆರಳಿಟ್ಟು, ಊದಿದೆ. ನನ್ನ ಹಲ್ಲುಗಳು ಇಂದಿಗೂ ನನ್ನವೇ. ಕೋಪಗಳಂತೆ ಅವುಗಳಲ್ಲೂ ನಾನು ಒಂದನ್ನೂ ಬಿಟ್ಟುಕೊಟ್ಟಿಲ್ಲ. ತೆಂಗಿನಮರದ ಕಾಗೆಗಳು ಹಾರಿದವು. ಕಾಂಪೌಂಡಿನ ಆಚೆಯಿಂದ ನೆರೆಮನೆಯಾಕೆ ಕೂಗಿದಳು: "ಸುಶೀಲಮ್ಮಾ, ಕುಕ್ಕರ್ ಕೂಗ್ತಾ ಐತೆ ನೋಡ್ರೀ, ಸೀದೋಗತ್ತೆ!"

ಸುಶೀಲೆ ನನ್ನನ್ನು ನೋಡಿದಳು. ನಾನು ಬೆರಳುಗಳನ್ನು ಸೀರೆಗೆ ಒರೆಸಿಕೊಂಡು, "ಗೊತ್ತಾಯ್ತಲ್ಲ, ಹಿಂಗೆ ನೀನು ಹಾಕ್ಬೇಕು," ಎಂದೆ.

ಚಿತ್ರದ ದಿನ ಬಂತು. ಥಿಯೇಟರಿನ ಕುರ್ಚಿಗಳು ಮೆತ್ತಗಾಗಿವೆ, ಕಡಲೆಕಾಯಿಯ ಜಾಗಕ್ಕೆ ಬಕೆಟ್ಟಿನಷ್ಟು ಪಾಪ್‌ಕಾರ್ನ್ ಬಂದಿದೆ, ಬಾಲ್ಕನಿ ಮಾತ್ರ ಪುಣ್ಯಕ್ಕೆ ಹಾಗೆಯೇ ಉಳಿದಿದೆ. ನನ್ನ ಎಡಗಡೆಗೆ ಸುಶೀಲೆ, ಅವಳಾಚೆ ಪ್ರದೀಪ, ಅವನ ಹೆಂಡತಿ, ಮಕ್ಕಳು. ಬಂಗಲೆ ಬಂತು, ಮೆಟ್ಟಿಲು ಬಂತು, ಮೆಟ್ಟಿಲಿನ ತುದಿಯಲ್ಲಿ ಶಾಲು ಬಂತು. ನಾನು ಮೊಣಕೈಯಿಂದ ಸುಶೀಲೆಯನ್ನು ತಿವಿದೆ. ಅವಳು ಬೆರಳಿಟ್ಟು ಪ್ರಾಣವೆಲ್ಲ ಒತ್ತಿ ಊದಿದಳು. ಪುಸ್ ಎಂದಿತು. ಮತ್ತೆ ಊದಿದಳು. ಸೆಟ್ಟು ಜಾರಿ ಅಂಗೈಗೆ ಬಂತು. ಪ್ರದೀಪ ಬಾಯಿಗೆ ಕರ್ಚೀಫು ತುರುಕಿಕೊಂಡ.

ನನ್ನ ಮೊಕದ್ದಮೆ ಅಲ್ಲಿಗೆ ಮುಗಿದಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ಲಕ್ಷ್ಯವೆಲ್ಲ ಬೇರೆ ಕಡೆಗಿತ್ತು. ಇಡೀ ಥಿಯೇಟರು ನಿಶ್ಶಬ್ದವಾಗಿತ್ತು. ಜನ ಇರಲಿಲ್ಲವೆಂದಲ್ಲ, ತುಂಬಿದ್ದರು, ಪ್ರೀತಿಯಿಂದಲೇ ಬಂದಿದ್ದರು. ಆದರೆ ಒಬ್ಬೊಬ್ಬರೂ ಕೈಯೆತ್ತಿ ಮೊಬೈಲು ಹಿಡಿದು ಆ ದೃಶ್ಯವನ್ನು ಸೆರೆಹಿಡಿಯುವುದರಲ್ಲಿ ಮಗ್ನರಾಗಿದ್ದರು, ಸದ್ದು ಮಾಡಿದರೆ ವಿಡಿಯೋ ಕೆಡುತ್ತದೆಂದು ಉಸಿರು ಬಿಗಿಹಿಡಿದಿದ್ದರು. ಅಷ್ಟು ದೂರದ ಕಾಲದಿಂದ, ಅಷ್ಟು ಗತ್ತಿನಿಂದ, ಶಾಲನ್ನು ಎಡಭುಜದಿಂದ ಬಲಭುಜಕ್ಕೆ ಎಸೆದುಕೊಂಡು ಅವನು ಇಳಿದು ಬರುತ್ತಿದ್ದಾನೆ. ಕೆಳಗೆ ಒಬ್ಬನೇ ಒಬ್ಬ ಓಗೊಡುವವನಿಲ್ಲ. ಮೂರನೆಯ ಮೆಟ್ಟಿಲಿನ ಮೇಲೆ ಅವನು ಅರೆಕ್ಷಣ ನಿಲ್ಲುತ್ತಾನೆ. ಆ ನಿಲುಗಡೆಯನ್ನು ನಿರ್ದೇಶಕ ಇಟ್ಟದ್ದೇ ಶಿಳ್ಳೆಗಾಗಿ. ಆ ಜಾಗ ಖಾಲಿ ಬಿದ್ದರೆ ಅವನು ಸುಮ್ಮನೆ ಕಾಲು ಎಡವಿದವನಂತೆ ಕಾಣುತ್ತಾನೆ. ನನಗಾದ ಅವಮಾನಗಳನ್ನೆಲ್ಲ ಇಷ್ಟು ವರ್ಷ ಜತನದಿಂದ ಸಾಕಿಕೊಂಡು ಬಂದವಳು ನಾನು, ಇನ್ನೊಬ್ಬರಿಗೆ ನನ್ನ ಕಣ್ಣೆದುರೇ ಆಗುತ್ತಿದ್ದ ಅವಮಾನವನ್ನು ಹೇಗೆ ನೋಡಿಕೊಂಡು ಕೂರಲಿ?

ಬೆರಳುಗಳು ತಾವಾಗಿ ಹೋದವು.

ಆ ಶಿಳ್ಳೆ ಬಾಲ್ಕನಿಯಿಂದ ಹಾರಿ, ಎತ್ತಿಹಿಡಿದ ಮೊಬೈಲುಗಳ ಮೇಲೆಲ್ಲ ಸುಳಿದು, ಪರದೆಗೆ ತಾಗಿ ಹಿಂದಿರುಗಿ ಬಂತೆಂದೇ ನನ್ನ ನಂಬಿಕೆ. ಜನರೆಲ್ಲ ತಿರುಗಿ ಮೇಲೆ ನೋಡಿದರು. ಆಮೇಲೆ ಕೆಳಗಿನಿಂದ ಒಂದು ಕೇಕೆ ಬಂತು, ಚಪ್ಪಾಳೆ ಬಂತು, ಯಾರೋ ಎದ್ದು ಕುಣಿದರು. ನಾಯಕ ಉಳಿದ ಮೆಟ್ಟಿಲುಗಳನ್ನು ಮರ್ಯಾದೆಯಾಗಿ ಇಳಿದ. ಪ್ರದೀಪ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. "ದೊಡ್ಡಮ್ಮಾ! ನಾವೆಲ್ಲ ಸುಳ್ಳು ಹೇಳ್ತಿಲ್ಲ ಅಂತ ಈಗ್ಲಾದ್ರೂ ಒಪ್ಕೋ!"

ಎಷ್ಟೋ ವರ್ಷ ನಾನು ಆ ಅಪವಾದವನ್ನು ಸುಳ್ಳೆಂದು ದೂರುತ್ತ ಬಂದೆ, ಮಿತ್ರರೇ, ಮತ್ತು ಅದು ಸುಳ್ಳೆಂಬುದರಲ್ಲಿ ನನಗೆ ಇಂದಿಗೂ ಎಳ್ಳಷ್ಟೂ ಸಂಶಯವಿಲ್ಲ. ಆದರೆ ತುಟಿಗಳಿನ್ನೂ ಜುಮ್ಮೆನ್ನುತ್ತಿದ್ದ ಆ ಕತ್ತಲಲ್ಲಿ ಒಂದು ಅನುಮಾನ ಸುಳಿಯಿತು: ಅದು ಸುಳ್ಳಾಗಿತ್ತೆಂಬುದೇ ನನ್ನ ನಿಜವಾದ ದೂರು ಆಗಿತ್ತೇನೋ. ಅಂದು ಅದೇ ಮೆಟ್ಟಿಲನ್ನು ನೋಡುತ್ತ ನನ್ನ ಎದೆಯೊಳಗೂ ಹಿಡಿಸಲಾರದ ಏನೋ ಒಂದು ಉಕ್ಕಿತ್ತು. ನನ್ನ ಪಕ್ಕದವಳು ಅದನ್ನು ಹೊರಗೆ ಹಾಕಿದಳು, ನಾನು ಕಡಲೆಕಾಯಿಯ ಸಿಪ್ಪೆ ತೆಗೆಯುತ್ತಿದ್ದೆ. ಶಿಕ್ಷೆ ನನಗೆ ಬಂತು, ಸುಖ ಅವಳಿಗೆ ಹೋಯಿತು. ಇಂಥ ಹಂಚಿಕೆಯನ್ನು ಯಾವ ನ್ಯಾಯಾಲಯ ಒಪ್ಪೀತು?

ಇಷ್ಟರಲ್ಲಿ ಸುಶೀಲೆ, ಹಲ್ಲಿನ ಸೆಟ್ಟನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು, ಬೊಚ್ಚುಬಾಯಿಯಲ್ಲಿಯೇ ಎದ್ದು ನಿಂತು, ಇಡೀ ಸಾಲಿಗೆ ಕೇಳುವಂತೆ, ನನ್ನನ್ನು ಉಳಿಸುವ ಪರಮ ನಿಷ್ಠೆಯಿಂದ ಸಾರುತ್ತಿದ್ದಳು: "ಅಕ್ಕನ್ನ ಏನೂ ಅನ್ಬೇಡ್ರೋ! ಅಕ್ಕ ಅಲ್ಲ, ಹಾಕಿದ್ದು ನಾನು! ನಾನೇ ಹಾಕಿದ್ದು!" ಹಿಂದಿನ ಸಾಲಿನ ಅಪರಿಚಿತರೊಬ್ಬರು ಆಗಲೇ ಅವಳ ಕಡೆ ಮೆಚ್ಚುಗೆಯಿಂದ ತಲೆದೂಗತೊಡಗಿದ್ದರು.

ನಾನು ಅವಳ ಸೆರಗು ಹಿಡಿದು ಕೆಳಕ್ಕೆ ಎಳೆದೆ.

"ಬಾಯ್ ಮುಚ್ಚು ಸುಶೀಲ," ಎಂದೆ, ಕೆಳಗಿನ ಗಾಂಧಿ ಕ್ಲಾಸಿಗೂ ಕೇಳುವಷ್ಟು ಗಟ್ಟಿಯಾಗಿ. "ಇದು ನಂದು."