ಮಚ್ಚೆಯಣ್ಣನ ಮದ್ದು

ನಮ್ಮ ಬೀದಿಯ ಕ್ಷೌರಿಕನ ಗದ್ದದ ಮೇಲೆ ಕಡಲೆಕಾಳಿನಷ್ಟು ದಪ್ಪದ ಮಚ್ಚೆಯಿದೆ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಮಚ್ಚೆಯಣ್ಣ. ಅದನ್ನು ಉದುರಿಸುವ ಮನೆಮದ್ದು ಹೇಳದೆ ಯಾವ ಗಿರಾಕಿಯೂ ಅವನ ಕುರ್ಚಿಯಿಂದ ಎದ್ದದ್ದಿಲ್ಲ, ಹೇಳಿದ್ದನ್ನು ಹಚ್ಚದೆ ಅವನೂ ಬಿಟ್ಟದ್ದಿಲ್ಲ. ಬೆಳ್ಳುಳ್ಳಿ ಅರೆದು ಅಂಟಿಸಿದ ದಿನ ಅಂಗಡಿಯ ನೊಣಗಳೂ ಬೀದಿಪಾಲಾಗುತ್ತವೆ. ಹರಳೆಣ್ಣೆಯಲ್ಲಿ ಸೋಡಾ ಕಲಸಿ ಬಳಿದ ದಿನ ಅಂಗಿಯ ಕಾಲರು ಮಿರಮಿರ ಮಿಂಚುತ್ತದೆ. "ಒಂದು ಒಗ್ಗರಣೆ ಹಾಕಿದ್ರೆ ನಿಮ್ಮ ಗದ್ದಾನೇ ಊಟಕ್ಕೆ ಬಡಿಸಬಹುದು" ಎನ್ನುತ್ತಾಳೆ ಹೆಂಡತಿ. ಮಚ್ಚೆ ಮಾತ್ರ ಜಪ್ಪಯ್ಯ ಅಂದರೂ ಅಲುಗಿಲ್ಲ. ಒಂದು ಬೆಳಿಗ್ಗೆ ನಾನು ಬೇಗ ಹೋದಾಗ ಗದ್ದದ ಮೇಲೆ ಯಾವ ಲೇಪವೂ ಇರಲಿಲ್ಲ. "ಅದರ ಪಾಡಿಗೆ ಬಿಟ್ಟುಬಿಡು, ಏನೂ ಆಗಲ್ಲ ಅಂತ ಡಾಕ್ಟರು ಯಾವತ್ತೋ ಹೇಳಿದ್ರು ಸಾರ್" ಎಂದ. "ಮತ್ತೆ ಇದೆಲ್ಲ ಯಾಕಯ್ಯಾ?" ಎನ್ನುವಷ್ಟರಲ್ಲಿ ಹೊರಗೆ ಊರುಗೋಲಿನ ಸದ್ದಾಯಿತು. ಅವನು ದಡಬಡಿಸಿ ಬಾಳೆಹಣ್ಣಿನ ಸಿಪ್ಪೆಯೊಂದನ್ನು ಗದ್ದಕ್ಕೆ ಒತ್ತಿಕೊಂಡ. ಬಂದವರು ಆ ಮದ್ದು ಹೇಳಿದ್ದ ನಿವೃತ್ತ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಈ ಅಂಗಡಿ ಬಿಟ್ಟು ಬೇರೆಲ್ಲೂ ಯಾರೊಂದಿಗೂ ತುಟಿಪಿಟಕ್ಕೆನ್ನದವರು. ಕನ್ನಡಕ ಏರಿಸಿ, ಸಿಪ್ಪೆ ಸರಿಸಿ, ಮಚ್ಚೆಯನ್ನು ದಿಟ್ಟಿಸಿ ನೋಡಿ, "ಒಂಚೂರು ಇಳಿದಿದೆ ಕಣೋ! ನಾನು ಹೇಳಿರಲಿಲ್ವಾ?" ಎಂದರು. "ಎಲ್ಲಾ ನಿಮ್ಮ ಕೈಗುಣ ಮೇಷ್ಟ್ರೇ" ಎಂದ ಮಚ್ಚೆಯಣ್ಣ, ಬಿಳಿ ಬಟ್ಟೆ ಕೊಡವಿ ಕುರ್ಚಿಯನ್ನು ಅವರತ್ತ ತಿರುಗಿಸಿದ. "ಕೂತ್ಕೊಳ್ಳಿ. ಮುಂದಿನ ವಾರ ಏನು ಹಚ್ಚಲಿ, ಹೇಳಿ."